ಮಹಡಿಯ ಮೇಲಿನ ಬಾವಿ

ನಮ್ಮ ಶಾಲೆಯ ಮೂರನೇ ತರಗತಿಯ ಮೂವತ್ತೊಂದು ಮಕ್ಕಳ ಮನೆಯಲ್ಲೂ ಒಂದೊಂದು ಕಂದು ನಾಯಿ ಇತ್ತು. ಎಲ್ಲ ನಾಯಿಗಳೂ ಹಾಲು ಕುಡಿಯುತ್ತಿದ್ದವು, ಮನೆ ಕಾಯುತ್ತಿದ್ದವು, ಮಕ್ಕಳು ಶಾಲೆಯಿಂದ ಬಂದಕೂಡಲೇ ಬಾಲ ಅಲ್ಲಾಡಿಸುತ್ತಿದ್ದವು. ‘ನನ್ನ ಮೆಚ್ಚಿನ ಪ್ರಾಣಿ’ ಎಂಬ ಪ್ರಬಂಧವನ್ನು ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಮಕ್ಕಳು ಇಳಿಸಿಕೊಳ್ಳುತ್ತಿದ್ದರು. ಹಿಂದಿನ ವರ್ಷದವರಿಗೂ ಅದೇ ನಾಯಿ, ಅದರ ಹಿಂದಿನ ವರ್ಷದವರಿಗೂ ಅದೇ. ಇಪ್ಪತ್ತೆರಡು ವರ್ಷ ಆ ನಾಯಿ ಸಾಯಲಿಲ್ಲ, ಮುದಿಯಾಗಲೂ ಇಲ್ಲ. ಮನೆಯಲ್ಲಿ ಮೂರು ಬೆಕ್ಕು ಸಾಕಿದ್ದ ಹುಡುಗನೊಬ್ಬ ಕೂಡ ನಾಯಿಯ ಮೇಲೆಯೇ ಬರೆದು ಹತ್ತಕ್ಕೆ ಒಂಬತ್ತು ತೆಗೆದುಕೊಂಡಿದ್ದ.

ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆಗ ಆಗುತ್ತಿರಲಿಲ್ಲ. ನಾನು ಬನಶಂಕರಿಯ ಒಂದು ಸಣ್ಣ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಮಿಸ್. ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಿಂದ, ಜಯನಗರದ ಹಳೇ ಮನೆಗಳಿಂದ, ಸುಬ್ರಹ್ಮಣ್ಯಪುರದ ಕಡೆಯಿಂದ ಮಕ್ಕಳು ಬರುತ್ತಾರೆ. ಅರ್ಧದಷ್ಟು ಮಕ್ಕಳು ಮನೆಯಲ್ಲಿ ಬೇರೆ ಭಾಷೆ ಆಡುವವರು. ಅವರಿಂದ ತಪ್ಪಿಲ್ಲದ ಹತ್ತು ವಾಕ್ಯ ಬರೆಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು. ನನ್ನ ಸ್ವಭಾವವೂ ಅಷ್ಟೇ. ಮಾತಿಗಿಂತ ಮೊದಲು ಸಿಟ್ಟು ಬರುತ್ತದೆ. ಮಕ್ಕಳು ತಮ್ಮ ಸ್ವಂತದ್ದೇನಾದರೂ ಬರೆಯಲು ಹೊರಟರೆ ನೂರು ತಪ್ಪು, ನೂರು ಕೆಂಪು ಗೆರೆ. ಅದಕ್ಕಿಂತ ನಾಯಿಯೇ ವಾಸಿ ಅನ್ನಿಸಿಬಿಟ್ಟಿತ್ತು.

ಆ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಎರಡು ಬಿಗಿ ಜಡೆ, ಡಬ್ಬಿಯಲ್ಲಿ ಯಾವಾಗಲೂ ಮೊನೆ ಮಾಡಿಟ್ಟ ಆರು ಪೆನ್ಸಿಲ್. ಅವಳ ಕೈಬರಹ ನೋಡಿದರೆ ಅಚ್ಚು ಹಾಕಿದ್ದೋ ಏನೋ ಅನ್ನಿಸಬೇಕು. ಕಾಪಿ ಬರವಣಿಗೆಗೆ ಎರಡು ವರ್ಷ ಸತತವಾಗಿ ಬಹುಮಾನ ಕೊಡಿಸಿದವಳು ನಾನೇ. ಒಂದು ದಿನ ಬೋರ್ಡಿನ ಮೇಲೆ ಬರೆಯುವಾಗ ನನ್ನ ಕೈ ಜಾರಿ ಒಂದು ವಾಕ್ಯದ ಕೆಳಗೆ ಸೊಟ್ಟ ಗೆರೆಯೊಂದು ಬಿದ್ದಿತು. ಸಂಜೆ ನೋಟ್‌ಬುಕ್ ತಿದ್ದುವಾಗ ನೋಡುತ್ತೇನೆ, ಅವಳು ಆ ಸೊಟ್ಟ ಗೆರೆಯನ್ನೂ ಅಷ್ಟೇ ಸೊಟ್ಟಗೆ, ಅದೇ ಜಾಗದಲ್ಲಿ ಎಳೆದಿದ್ದಳು. ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿ ಹೆಮ್ಮೆಪಟ್ಟಿದ್ದೆ. ಮಕ್ಕಳು ಅಂದರೆ ಹೀಗಿರಬೇಕು ನೋಡಿ ಅಂದಿದ್ದೆ.

ಅಂಥ ನನಗೆ ನಾಟಕ ಗಂಟುಬಿತ್ತು. ಮಕ್ಕಳಲ್ಲಿ ಸೃಜನಶೀಲತೆ ಬೆಳೆಸಬೇಕು, ಅದಕ್ಕೆ ರಂಗಚಟುವಟಿಕೆ ಮಾಡಿಸಬೇಕು ಎಂದು ಹೆಡ್ ಮಿಸ್ ತಲೆಗೆ ಯಾರು ತುಂಬಿದರೋ ಗೊತ್ತಿಲ್ಲ. ಶುಕ್ರವಾರದ ಕೊನೆಯ ಪೀರಿಯಡ್ ಅದಕ್ಕೆಂದು ನಿಗದಿಯಾಯಿತು. ಯಾರು ಮಾಡಿಸಬೇಕು ಎಂಬ ಪ್ರಶ್ನೆ ಬಂದಾಗ ಗಣಿತದವರು ಮುಖ ತಿರುಗಿಸಿದರು, ವಿಜ್ಞಾನದವರು ಲ್ಯಾಬಿನ ನೆಪ ಹೇಳಿದರು. ಕನ್ನಡದವರು ತಾನೇ ನೀವು, ನೀವೇ ಮಾಡಿಸಿ ಎಂದು ತೀರ್ಮಾನವಾಯಿತು. ರಾಜ್ಯೋತ್ಸವದ ನೃತ್ಯ, ರಂಗೋಲಿ ಸ್ಪರ್ಧೆ, ವಂದನಾರ್ಪಣೆ, ಎಲ್ಲವೂ ನನ್ನ ಪಾಲಿಗೆ ಬಂದಿದ್ದು ಇದೇ ದಾರಿಯಲ್ಲಿ.

ನಮಗೆ ಕಲಿಸಲು ಅರೆಕೆರೆಯಿಂದ ಒಬ್ಬಳು ಹುಡುಗಿ ಸ್ಕೂಟರಿನಲ್ಲಿ ಬರುತ್ತಿದ್ದಳು. ನಾಟಕದಲ್ಲೇ ಓದಿದವಳು, ನನ್ನ ಮಗಳ ವಯಸ್ಸು. ಆರು ಶನಿವಾರ ಶಿಕ್ಷಕರಿಗೆ ತರಬೇತಿ, ಆಮೇಲೆ ನಾವೇ ನಡೆಸಿಕೊಂಡು ಹೋಗಬೇಕು. ಮೊದಲ ದಿನ ಮಹಡಿಯ ಖಾಲಿ ಹಾಲಿನಲ್ಲಿ ನಮ್ಮನ್ನು ನಿಲ್ಲಿಸಿ, ಗಾಳಿಯಲ್ಲಿ ಕೈ ಆಡಿಸಿ, ಇಲ್ಲೊಂದು ಟೇಬಲ್ ಇದೆ ಅಂದಳು. ಆಮೇಲೆ ಎಲ್ಲರೂ ಹಾಲಿನ ತುಂಬ ಓಡಾಡಿ ಎಂದಳು. ಎರಡನೇ ಸುತ್ತಿನಲ್ಲೇ ನಾನು ನೆಟ್ಟಗೆ ಆ ಟೇಬಲಿನ ಮೂಲಕ ಹಾದುಹೋದೆ. ಅವಳು ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು.

“ಒಂದ್ಸಲ ಇಟ್ಟಿದ್ದನ್ನ ಎಲ್ರೂ ಇದೆ ಅಂತ ಒಪ್ಕೋಬೇಕು ಮೇಡಂ. ಒಬ್ರು ಅದರ ಮೇಲೆ ನಡೆದುಬಿಟ್ರೂ ಅದು ಹೋಗ್ಬಿಡುತ್ತೆ. ಅದೂ ಮಿಸ್ಸೇ ನಡೆದ್ರೆ, ಮಕ್ಳು ಮತ್ತೆ ಯಾವುದನ್ನೂ ನಂಬಲ್ಲ.”

ಇರುವ ಟೇಬಲ್ ಒರೆಸಿಕೊಳ್ಳಲು ಪುರುಸೊತ್ತಿಲ್ಲ, ಇಲ್ಲದ ಟೇಬಲ್ ಸುತ್ತ ಸುತ್ತಬೇಕಂತೆ ಎಂದು ಮೆಟ್ಟಿಲಿಳಿಯುವಾಗ ಗೊಣಗಿಕೊಂಡೆ. ಆದರೂ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವಳು ನಾನು. ಡ್ರಾಯಿಂಗ್ ಶೀಟಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಇಟ್ಟದ್ದು ತೆಗೆಯುವವರೆಗೂ ಇರುತ್ತದೆ’ ಎಂದು ಬರೆದು ಹಾಲಿನ ಗೋಡೆಗೆ ಅಂಟಿಸಿದೆ. ಮಕ್ಕಳಿಂದ ಮೂರು ಸಲ ಗಟ್ಟಿಯಾಗಿ ಹೇಳಿಸಿದೆ.

ಮೊದಲ ಎರಡು ಶುಕ್ರವಾರ ಮಕ್ಕಳು ಹಾಲಿಗೆ ಫ್ರಿಜ್ ತಂದರು, ಟಿವಿ ತಂದರು, ಮಾಲಿನ ಎಸ್ಕಲೇಟರ್ ತಂದರು. ಪೀರಿಯಡ್ ಮುಗಿಯುತ್ತಲೇ ಎಲ್ಲವನ್ನೂ ಹೊತ್ತು ಹೊರಗೆ ಹಾಕಿದರು. ನಾನು ಕುರ್ಚಿಯಲ್ಲಿ ಕೂತು ಕಾಪಿ ತಿದ್ದುತ್ತಿದ್ದೆ. ಮೂರನೇ ಶುಕ್ರವಾರ ಸುಬ್ರಹ್ಮಣ್ಯಪುರದ ಕಡೆಯ ಹುಡುಗನೊಬ್ಬ ಕಿಟಕಿಗೂ ಬಾಗಿಲಿಗೂ ನಡುವಿನ ಜಾಗದಲ್ಲಿ ಅಗೆಯಲು ಶುರುಮಾಡಿದ. ಅವನ ತಾತ ಹಿಂದೆ ತಮ್ಮ ಹೊಲದಲ್ಲಿ ರಾಗಿ ಬೆಳೆಯುತ್ತಿದ್ದವರು. ಈಗ ಅದೇ ಜಾಗದಲ್ಲಿ ನಾಲ್ಕಂತಸ್ತಿನ ಬಾಡಿಗೆ ಮನೆಗಳು, ಅವುಗಳ ಹಿತ್ತಲಿನಲ್ಲಿ ಕಲ್ಲುಚಪ್ಪಡಿ ಮುಚ್ಚಿದ ಬಾವಿ. ಅವನು ಅದನ್ನು ತೆರೆದು ನೋಡಿದವನೇ ಅಲ್ಲ.

ಒಬ್ಬನೇ ಅಗೆಯುತ್ತಿದ್ದವನ ಪಕ್ಕಕ್ಕೆ ಇನ್ನಿಬ್ಬರು ಬಂದರು. ಆಮೇಲೆ ಹತ್ತು ಜನ. ಮಣ್ಣನ್ನು ಬಾಂಡಲಿಗೆ ತುಂಬಿ, ತಲೆಗೆ ಸಿಂಬಿ ಇಟ್ಟುಕೊಂಡು, ಸಾಲಾಗಿ ಹೊತ್ತು ಹಾಲಿನ ಆ ತುದಿಯಲ್ಲಿ ಸುರಿದರು. ಪ್ರತಿ ಬೀದಿಯಲ್ಲೂ ಕಟ್ಟಡ ಏಳುವ ಈ ಊರಿನಲ್ಲಿ ಅದನ್ನು ಎಲ್ಲಿ ನೋಡಿ ಕಲಿತರು ಎಂದು ಕೇಳುವ ಅಗತ್ಯವಿರಲಿಲ್ಲ. ನಾನು ಬೆರಗಾದದ್ದು ಬೇರೆಯದಕ್ಕೆ. ಅಗೆಯುವವರು ಹೊತ್ತು ಹೋದಂತೆ ಬಗ್ಗುತ್ತಾ ಬಗ್ಗುತ್ತಾ ಹೋಗಿ ಕೊನೆಗೆ ನೆಲಕ್ಕೆ ಕೂತುಬಿಟ್ಟಿದ್ದರು. ಮೇಲಿದ್ದವರು ಅವರಿಗೆ ಬಾಂಡಲಿ ಇಳಿಸಿಕೊಡುತ್ತಿದ್ದರು. ನಾಲ್ಕು ಅಡಿ ಎತ್ತರದ ಮಕ್ಕಳು ಹಾಲಿನ ಮೊಸಾಯಿಕ್ ನೆಲದ ಒಳಗೆ ಇಳಿದುಹೋಗಿದ್ದರು. ತಿದ್ದುತ್ತಿದ್ದ ಕಾಪಿ ನನ್ನ ತೊಡೆಯ ಮೇಲೇ ಉಳಿಯಿತು.

ಬೆಲ್ ಹೊಡೆದಾಗ ಎಲ್ಲರೂ ತಮ್ಮ ತಮ್ಮ ಸಾಮಾನು ಹೊರಗೆ ಹಾಕುತ್ತಿದ್ದರೆ, ಬಾವಿಯನ್ನು ಹೇಗೆ ತೆಗೆಯುವುದು ಎಂಬ ಪ್ರಶ್ನೆ ಬಂತು. ಯಾರಿಗೂ ತೋಚಲಿಲ್ಲ. ಫ್ರಿಜ್ ಎತ್ತಬಹುದು, ಬಾವಿ ಎತ್ತಲಾಗುತ್ತದೆಯೇ? ಹಾಗಾಗಿ ಅದು ಅಲ್ಲೇ ಉಳಿಯಿತು.

ಮುಂದಿನ ವಾರ ನೀರು ಬಂತು. ಅದರ ಮುಂದಿನ ವಾರ ಸುತ್ತ ಕಟ್ಟೆ ಎದ್ದಿತು, ಮೇಲೆ ರಾಟೆ ಬಂತು. ಹಗ್ಗ ಎಳೆಯುವಾಗ ಒಬ್ಬಳು ಬಾಯಲ್ಲಿ ಕಿರ್ರೆಂದು ಸದ್ದು ಮಾಡುತ್ತಿದ್ದಳು, ಬೇರೆ ಯಾರೂ ಆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಒಬ್ಬ ಬಿಂದಿಗೆ ತುಳುಕಿಸಿಕೊಂಡು ಹೋದರೆ ಹಿಂದೆ ಬಂದವನು ಒದ್ದೆ ಜಾಗವನ್ನು ದಾಟಿ ಕಾಲಿಡುತ್ತಿದ್ದ. ಕಿಟಕಿಯಾಚೆ ದೂರದಲ್ಲಿ ಮೆಟ್ರೋ ಹೋದಾಗ ನಾಲ್ಕು ಮಕ್ಕಳು ಓಡಿಹೋಗಿ ಬಾವಿಗೆ ಬಗ್ಗುತ್ತಿದ್ದರು. ಮೆಟ್ರೋ ಹೋದಾಗ ನೀರು ನಡುಗುತ್ತದಂತೆ. ಇದ್ಯಾವುದನ್ನೂ ನಾನು ಹೇಳಿಕೊಟ್ಟಿರಲಿಲ್ಲ. ಕಾಪಿ ತಿದ್ದುವುದನ್ನು ಬಿಟ್ಟು ಸುಮ್ಮನೆ ನೋಡುತ್ತಾ ಕೂರುತ್ತಿದ್ದೆ. ಇಷ್ಟು ವರ್ಷ ಈ ತಲೆಗಳ ಒಳಗೆ ಇದೆಲ್ಲ ಇತ್ತೇ, ಇದ್ದರೆ ನಾನೇಕೆ ಒಂದು ದಿನವೂ ನೋಡಲಿಲ್ಲ ಅನ್ನಿಸುತ್ತಿತ್ತು.

ನಾನೊಮ್ಮೆ ನನ್ನ ಬಾಲ್ಯದ ಮನೆಯ ಬಾವಿಯ ವಿಷಯ ಹೇಳಿದೆ. ಬಸವನಗುಡಿಯ ನಮ್ಮ ವಠಾರದ ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ಇಳಿಸುತ್ತಿದ್ದರು. ಹಗ್ಗದ ತುದಿಗೆ ಕಬ್ಬಿಣದ ಕೊಕ್ಕೆಗಳ ಗೊಂಚಲು, ಅದನ್ನು ಆಡಿಸಿ ಆಡಿಸಿ ಕೊಡವನ್ನು ಸಿಕ್ಕಿಸಿ ಮೇಲೆತ್ತುವುದು. ಮರುವಾರ ನೋಡಿದರೆ ಕಿಟಕಿಯ ಸರಳಿಗೆ ಪಾತಾಳಗರಡಿ ತೂಗುಹಾಕಿತ್ತು. ನನಗೆ ಕಾಣಲಿಲ್ಲ ನಿಜ, ಆದರೆ ಕಿಟಕಿಯ ಹತ್ತಿರ ಹೋದ ಮಕ್ಕಳೆಲ್ಲ ತಲೆ ತಗ್ಗಿಸಿ ಹೋಗುತ್ತಿದ್ದರು.

ಮೂವತ್ತು ಮಕ್ಕಳು ಹೀಗಿದ್ದರೆ ಎರಡು ಜಡೆಯ ನನ್ನ ಹುಡುಗಿ ಗೋಡೆಗೆ ಬೆನ್ನು ಹಚ್ಚಿ ನಿಂತಿರುತ್ತಿದ್ದಳು. ಮೊದಲ ದಿನ ಅವಳು ಕೈ ಎತ್ತಿ, ಸರಿ ಉತ್ತರ ಯಾವುದು ಮಿಸ್ ಎಂದು ಕೇಳಿದ್ದಳು. ಸರಿ ಉತ್ತರ ಅಂತಿಲ್ಲ, ನಿನಗೇನು ಬೇಕೋ ಅದು ಅಂದೆ. ಅವಳು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಇಟ್ಟುಕೊಳ್ಳಲು ಜಾಗವಿಲ್ಲದ ವಸ್ತುವೊಂದನ್ನು ಕೈಗೆ ಕೊಟ್ಟಂತಾಗಿತ್ತು ಅವಳಿಗೆ. ಬಾವಿ ಬಂದ ಮೇಲಂತೂ ಹತ್ತಿರವೇ ಸುಳಿಯಲಿಲ್ಲ. ಕರೆದರೆ ಬಂದು ನೆಲವನ್ನು ದಿಟ್ಟಿಸಿ ನೋಡಿ, ತುಟಿ ಬಿಗಿಹಿಡಿದು ಹಿಂದಕ್ಕೆ ಹೋಗುತ್ತಿದ್ದಳು.

ಒಂದು ಗುರುವಾರ ಅವಳ ತಾಯಿ ಆಫೀಸಿಗೆ ಅರ್ಧ ದಿನ ರಜೆ ಹಾಕಿ ನನ್ನನ್ನು ನೋಡಲು ಬಂದರು. ಜೆ.ಪಿ. ನಗರದಲ್ಲಿ ಮನೆ, ಸಮಾಧಾನದ ಹೆಂಗಸು. ಗುರುವಾರ ಸಂಜೆಯಾದರೆ ಸಾಕು ಮಗಳಿಗೆ ಹೊಟ್ಟೆನೋವು ಬರುತ್ತದೆ, ಶುಕ್ರವಾರ ಬೆಳಿಗ್ಗೆ ವಾಂತಿ ಅಂದರು. ಹಿಂದಿನ ವಾರ ಮಗಳು ತಾನಾಗಿಯೇ ಕೇಳಿದಳೆಂದು ಜಯನಗರದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದ್ದರಂತೆ. ಕಣ್ಣು ಸರಿಯಾಗಿದೆ ಎಂದು ಡಾಕ್ಟರ್ ಹೇಳಿದಾಗ ಮಗು ಇನ್ನೂ ಜೋರಾಗಿ ಅತ್ತಳಂತೆ.

“ಎಲ್ರಿಗೂ ಬಾವಿ ಕಾಣುತ್ತೆ, ನನಗೊಬ್ಳಿಗೇ ಕಾಣಲ್ಲ. ನನ್ನ ತಲೇಲಿ ಏನೋ ಇಲ್ಲಮ್ಮ ಅಂತಾಳೆ ಮಿಸ್,” ಅಂದರು.

ಆ ಮಗುವಿಗೆ ಎರಡು ವರ್ಷ ಬಹುಮಾನ ಕೊಟ್ಟವಳು ನಾನು. ನೋಡಿದ್ದನ್ನು ನೋಡಿದ ಹಾಗೇ ಇಳಿಸಿಕೊಳ್ಳುವುದೇ ಜಾಣತನ ಎಂದು ಕಲಿಸಿದವಳೂ ನಾನೇ. ಈಗ ನೋಡಲು ಬೋರ್ಡಿಲ್ಲದ ಜಾಗದಲ್ಲಿ ನಿಲ್ಲಿಸಿ, ನೀನೇ ಏನಾದರೂ ಕಾಣು ಎಂದರೆ ಅವಳು ಏನು ಮಾಡಬೇಕು? ತಾಯಿಯ ಕೋರಿಕೆ ಸರಳವಾಗಿತ್ತು. ಶುಕ್ರವಾರದ ಆ ಪೀರಿಯಡ್ ಮಗಳನ್ನು ಲೈಬ್ರರಿಯಲ್ಲಿ ಕೂರಿಸಿ ಅಂದರು. ಎರಡು ವಾರ ಟೈಮ್ ಕೊಡಿ, ಆಗಲೂ ಆಗದಿದ್ದರೆ ಹಾಗೇ ಮಾಡೋಣ ಎಂದು ಬೇಡಿಕೊಂಡೆ. ಲೈಬ್ರರಿಗೆ ಹೋದರೆ ಅವಳ ಹೊಟ್ಟೆನೋವು ನಿಲ್ಲುತ್ತಿತ್ತು, ಅದು ನನಗೂ ಗೊತ್ತಿತ್ತು. ಆದರೆ ತನ್ನ ತಲೆಯಲ್ಲಿ ಏನೋ ಇಲ್ಲ ಎಂಬುದು ಅವಳ ಪಾಲಿಗೆ ಖಾಯಂ ಆಗಿಬಿಡುತ್ತಿತ್ತು.

ಆ ಎರಡು ವಾರದ ಮೊದಲ ವಾರವನ್ನು ನಾನೇ ಕೈಯಾರೆ ಹಾಳುಮಾಡಿದೆ. ಊಟದ ಹೊತ್ತಿನಲ್ಲಿ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಬಾವಿಯನ್ನು ವಿವರಿಸಿದೆ. ದುಂಡಗಿದೆ, ಕಟ್ಟೆ ನಿನ್ನ ಸೊಂಟದಷ್ಟಿದೆ, ರಾಟೆ ಕಿಟಕಿಯ ಕಡೆಗಿದೆ, ಏಳು ಸಲ ಎಳೆದರೆ ಬಕೆಟ್ ಬರುತ್ತದೆ ಅಂದೆ. ಅವಳ ಮುಖ ಅರಳಿತು. ನಾನೂ ಹಿಗ್ಗಿದೆ. ಆಮೇಲೆ ನೋಡಿದರೆ ನೋಟ್‌ಬುಕ್ಕಿನಲ್ಲಿ ‘ಬಾವಿ’ ಎಂದು ಶೀರ್ಷಿಕೆ ಬರೆದು, ಸ್ಕೇಲಿನಿಂದ ಅಡಿಗೆರೆ ಎಳೆದು, ನಾನು ಹೇಳಿದ್ದೆಲ್ಲವನ್ನೂ ಬರೆದುಕೊಂಡಿದ್ದಳು. ಕಂದು ನಾಯಿಯ ಜೊತೆಗೆ ಈಗ ಬಾವಿಯೂ ಸೇರಿತು.

ಶುಕ್ರವಾರ ಅವಳು ಧೈರ್ಯವಾಗಿ ಮುಂದೆ ಬಂದಳು. ಸೊಂಟದೆತ್ತರದ ಕಟ್ಟೆಗೆ ಒರಗಿ, ಕಿಟಕಿಯ ಕಡೆಗೆ ತಿರುಗಿ, ಒಂದು, ಎರಡು ಎಂದು ತುಟಿಯಲ್ಲೇ ಎಣಿಸುತ್ತಾ ಹಗ್ಗ ಎಳೆಯತೊಡಗಿದಳು. ಮಕ್ಕಳೆಲ್ಲ ನಿಂತು ನೋಡಿದರು. ರಾಟೆಯ ಸದ್ದಿನ ಹುಡುಗಿ ಬಾಯಿ ತೆರೆಯಲಿಲ್ಲ. ಕೊನೆಗೆ ಒಬ್ಬ ಹುಡುಗ, ಹಂಗಿಸದೆ, ಪಾಪ ಅನ್ನುವ ದನಿಯಲ್ಲೇ ಹೇಳಿದ, ಅಲ್ಲಿ ಹಗ್ಗ ಇಲ್ಲ, ರಾಟೆ ಮೇಲೆ ಕಾಗೆ ಮೊಟ್ಟೆ ಇಟ್ಟಿದೆ, ಅದಕ್ಕೆ ಹಗ್ಗ ಈ ಕಡೆ ಹಾಕಿದ್ದೀವಿ. ಅವಳ ಕೈ ಐದಕ್ಕೆ ನಿಂತುಹೋಯಿತು. ತಿರುಗಿ ನನ್ನ ಕಡೆ ನೋಡಿದಳು. ನೋಟದಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚಿತು. ಗೋಡೆಯ ಹತ್ತಿರ ಹೋಗಿ ಕುಳಿತವಳು ಬೆಲ್ ಹೊಡೆಯುವವರೆಗೂ ಮೊಣಕಾಲಿನಿಂದ ಮುಖ ಎತ್ತಲಿಲ್ಲ.

ಮುಂದಿನ ಶುಕ್ರವಾರ ಬೆಳಿಗ್ಗೆ ಅವಳೇ ತಾಯಿಯ ಪತ್ರ ತಂದುಕೊಟ್ಟಳು. ಇಂದು ಕೊನೆ, ಮುಂದಿನ ವಾರದಿಂದ ನಾಟಕದ ಪೀರಿಯಡ್ ಬದಲು ಲೈಬ್ರರಿಗೆ ಕಳುಹಿಸಲು ಅನುಮತಿ ಕೊಡಬೇಕು ಎಂದು ಹೆಡ್ ಮಿಸ್ಸಿಗೆ ಬರೆದದ್ದು. ನಾನು ಸಹಿ ಹಾಕಿ ಮುಂದಕ್ಕೆ ಕಳುಹಿಸಬೇಕಿತ್ತು. ಹಾಜರಿ ರಿಜಿಸ್ಟರಿನ ಒಳಗೆ ಮಡಿಸಿಟ್ಟುಕೊಂಡೆ.

ಕೊನೆಯ ಪೀರಿಯಡ್ಡಿನಲ್ಲಿ ಹಾಲಿಗೆ ಹೋದೆವು. ಬಾವಿಯ ಕೆಲಸ ನಡೆದಿತ್ತು. ಕಾಗೆಮರಿಗಳಿಗೆ ರೆಕ್ಕೆ ಬಂದಿತ್ತಂತೆ. ಅವಳು ಎಂದಿನ ಗೋಡೆಗೆ ಒರಗಿ ನಿಂತಿದ್ದಳು. ನಾನು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ರಿಜಿಸ್ಟರ್ ಹಿಡಿದು ಕೂತಿದ್ದೆ, ಪತ್ರಕ್ಕೆ ಸಹಿ ಹಾಕುವುದೋ ಬೇಡವೋ ಎಂದು ಯೋಚಿಸುತ್ತಾ. ಅಷ್ಟರಲ್ಲಿ ನಮ್ಮ ಶಾಲೆಯ ಆಯಾ ಬಾಗಿಲಲ್ಲಿ ಬಂದು ನಿಂತರು. ಸಿದ್ದಾಪುರದಿಂದ ಬರುವ ಹಿರಿಯ ಹೆಂಗಸು, ನಾನು ಸೇರುವ ಮೊದಲಿನಿಂದಲೂ ಇಲ್ಲಿರುವವರು. ಕೈಯಲ್ಲಿ ಯಾವುದೋ ಸರ್ಕ್ಯುಲರ್. ಎಲ್ಲ ಟೀಚರ್‌ಗಳೂ ಸಹಿ ಹಾಕಬೇಕಂತೆ ಮಿಸ್, ಬೇಗ ಕೊಡಿ ಅಂದರು. ಹಾಂ ಬಂದೆ ಎಂದು ಎದ್ದು, ಪೆನ್ನಿನ ಮುಚ್ಚಳ ತೆಗೆಯುತ್ತಾ, ನಾನು ಕಿಟಕಿಯಿಂದ ಬಾಗಿಲಿಗೆ ನೆಟ್ಟಗೆ ನಡೆದೆ.

“ಮಿಸ್, ಬಾವಿ!”

ಕಿರುಚಿದ್ದು ಗೋಡೆಯ ಕಡೆಯಿಂದ. ತಿರುಗಿ ನೋಡಿದೆ. ಎರಡು ಜಡೆಯ ಹುಡುಗಿ ಎರಡೂ ಕೈ ಮುಂದೆ ಚಾಚಿ, ಮುಖ ಬಿಳುಚಿಕೊಂಡು ನಿಂತಿದ್ದಳು. ನನ್ನ ಒಂದು ಕಾಲು ಕಟ್ಟೆಯನ್ನು ದಾಟಿಯಾಗಿತ್ತು.

ಮೂವತ್ತು ಮಕ್ಕಳು ಕೈಯಲ್ಲಿದ್ದದ್ದು ಕೈಯಲ್ಲೇ ಹಿಡಿದು ನನ್ನನ್ನು ನೋಡುತ್ತಿದ್ದರು. ಅರೆಕೆರೆಯ ಆ ಹುಡುಗಿ ಹೇಳಿದ್ದು ನೆನಪಾಯಿತು. ಮಿಸ್ಸೇ ನಡೆದರೆ ಮಕ್ಕಳು ಮತ್ತೆ ಯಾವುದನ್ನೂ ನಂಬುವುದಿಲ್ಲ. ಇನ್ನೊಂದು ಹೆಜ್ಜೆ ಇಟ್ಟು ಸರ್ಕ್ಯುಲರಿಗೆ ಸಹಿ ಹಾಕಿದರೆ ಎರಡು ತಿಂಗಳ ಬಾವಿ ಹೋಗಿಬಿಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಇದೇ ಕ್ಷಣದಲ್ಲಿ, ಬದುಕಿನಲ್ಲಿ ಮೊದಲ ಬಾರಿಗೆ, ಅದನ್ನು ಕಂಡವಳು ಒಬ್ಬಳಿದ್ದಳಲ್ಲ. ಅವಳಿಗೆ ನಾನೇನು ಹೇಳಲಿ? ಹಿಂದಕ್ಕೆ ಸರಿಯುವ ಹಾಗೂ ಇರಲಿಲ್ಲ, ಬಾವಿಯಲ್ಲಿ ಕಾಲಿಟ್ಟವರು ಹಿಂದಕ್ಕೆ ಸರಿಯುವುದು ಎಲ್ಲಿಂದ ಬಂತು?

ಮೂಳೆ ಡಾಕ್ಟರ್ ನನಗೆ ನೆಲದ ಮೇಲೆ ಕೂರಲೇಬೇಡಿ ಎಂದು ಹೇಳಿ ಮೂರು ವರ್ಷವಾಗಿತ್ತು. ನಾನು ಬಿದ್ದೆ. ಅಂದರೆ, ಒಂದು ಕೈ ಊರಿ, ಅಯ್ಯಮ್ಮಾ ಎಂದು ನಿಜವಾಗಿಯೇ ನರಳಿ, ನೆಲಕ್ಕೆ ಕುಕ್ಕರಿಸಿದೆ. ರಿಜಿಸ್ಟರ್ ಕೈಯಿಂದ ಜಾರಿ ಬಿತ್ತು.

ಮಕ್ಕಳು ಸುತ್ತಲೂ ಓಡಿಬಂದು ಕಟ್ಟೆಯ ಆಚೆಗೆ ನಿಂತರು. ಒಬ್ಬರೂ ಅದನ್ನು ದಾಟಲಿಲ್ಲ. ಬಗ್ಗಿ ಕೆಳಗೆ ನೋಡಿದರು. ಆಗ ನಾನು ಕಂಡದ್ದನ್ನು ಸಾಯುವವರೆಗೂ ಮರೆಯಲಾರೆ. ನಾನು ಅವರ ಕಾಲಿನ ಹತ್ತಿರವೇ ಕೂತಿದ್ದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆದರೆ ಅವರ ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ. ನನ್ನನ್ನು ದಾಟಿ, ನೆಲವನ್ನು ದಾಟಿ, ಬಹಳ ಆಳದಲ್ಲಿ ಎಲ್ಲೋ ಅವರು ನನ್ನನ್ನು ಹುಡುಕುತ್ತಿದ್ದರು. ಅಲ್ಲಿ ನಾನು ಅವರಿಗೆ ಚಿಕ್ಕದಾಗಿ ಕಾಣುತ್ತಿದ್ದೆ. ಒಬ್ಬಳು ಬಾಯಿಗೆ ಕೈ ಅಡ್ಡಹಿಡಿದು ಮಿಸ್ ಎಂದು ಕೂಗಿದಳು. ಅವಳ ಪಕ್ಕದವನು ಮೆಲ್ಲಗೆ ಇಸ್, ಇಸ್ ಎಂದು ಬಾವಿಯ ಮಾರ್ದನಿ ಕೊಟ್ಟ. ಹುಡುಗಾಟ ಎಂದು ನಗಲು ನನ್ನಿಂದ ಆಗಲೇ ಇಲ್ಲ.

ಒಬ್ಬ ಕಿಟಕಿಯಿಂದ ಪಾತಾಳಗರಡಿ ತಂದ. ಅದರಿಂದ ಮೊದಲು ರಿಜಿಸ್ಟರ್ ಸಿಕ್ಕಿಸಿದರು. ಮಾಡಿದ್ದು ಹೇಗೆಂದರೆ, ಒಬ್ಬ ಹುಡುಗ ಹೊಟ್ಟೆಯ ಮೇಲೆ ಮಲಗಿ ಕೈ ಇಳಿಸಿ, ತುದಿ ಬೆರಳಲ್ಲಿ ಅದನ್ನು ಎಳೆದ, ಉಳಿದವರು ಹಗ್ಗ ಸುತ್ತಿದರು. ಆಮೇಲೆ ಅದೇ ಕೊಕ್ಕೆಯನ್ನು ನನ್ನ ಸೀರೆಗೆ ಸಿಕ್ಕಿಸಲು ಹೊರಟರು. ಆಗ ಎರಡು ಜಡೆಯವಳು ಮಕ್ಕಳ ನಡುವೆ ನುಗ್ಗಿಕೊಂಡು ಬಂದಳು.

“ಬೇಡ, ಮಿಸ್‌ಗೆ ಚುಚ್ಚುತ್ತೆ,” ಅಂದಳು. “ಬಕೆಟ್ ಬಿಚ್ಚಿ. ಹಗ್ಗಾನ ಜೋಕಾಲಿ ಥರ ಕಟ್ಟೋಣ. ಮಿಸ್ ಅದರ ಮೇಲೆ ಕೂತ್ಕೊಳ್ಳಲಿ.”

ಇದು ಬೋರ್ಡಿನ ಮೇಲೆ ಇರಲಿಲ್ಲ. ನಾನು ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಅವಳು ಮಂಡಿಯೂರಿ ಕೂತು, ಹಗ್ಗವನ್ನು ಮಡಚಿ, ಗಂಟು ಹಾಕಿ, ಎರಡೂ ಕೈಯಲ್ಲಿ ಜಗ್ಗಿ ನೋಡಿದಳು. ತೃಪ್ತಿಯಾಗಲಿಲ್ಲ. ಬಿಚ್ಚಿ ಮತ್ತೊಮ್ಮೆ ಕಟ್ಟಿದಳು. ಆ ಪುಟ್ಟ ಬೆರಳುಗಳ ನಡುವೆ ಹಗ್ಗದ ದಪ್ಪ ಎಷ್ಟೆಂದು ನಾನು ಅಳೆದು ಹೇಳಬಲ್ಲವಳಾಗಿದ್ದೆ. ಆಮೇಲೆ ರಾಟೆಯ ಕಡೆ ನೋಡಿ, ಕಾಗೆಮರಿಗಳನ್ನು ಪಕ್ಕಕ್ಕೆ ಇಡಿ, ಮಿಸ್ ಭಾರ ಇದ್ದಾರೆ ಅಂದಳು. ಇಬ್ಬರು ಹೋಗಿ ಗೂಡನ್ನು ಎರಡೂ ಕೈಯಲ್ಲಿ ಇಳಿಸಿ ಕಿಟಕಿಯ ಮೇಲಿಟ್ಟರು.

ಜೋಕಾಲಿ ನನ್ನ ಹತ್ತಿರ ಇಳಿಯಿತು. ಮೂವತ್ತೊಂದು ಮಕ್ಕಳು ಸಾಲಾಗಿ ಹಗ್ಗ ಹಿಡಿದರು. ಎಳೆದರು. ನಾನು ಏಳಬೇಕಿತ್ತು, ಆದರೆ ಮಂಡಿ ಕೇಳಲಿಲ್ಲ. ಬಾಗಿಲಲ್ಲಿ ಇಷ್ಟೂ ಹೊತ್ತು ನಿಂತಿದ್ದ ಆಯಾ ಸರ್ಕ್ಯುಲರನ್ನು ಕಿಟಕಿಯ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾಲಿನ ಕೊನೆಗೆ ಬಂದು ಹಗ್ಗಕ್ಕೆ ಕೈ ಹಾಕಿದರು.

“ಹಂಗಲ್ಲ ಮಕ್ಳಾ. ಕಾಲು ಕಟ್ಟೆಗೆ ಕೊಟ್ಟು ಎಳೀರಿ,” ಅಂದರು.

ಮಕ್ಕಳು ಕಟ್ಟೆಗೆ ಕಾಲು ಕೊಟ್ಟರು. ರಾಟೆ ಕಿರ್ರೆಂದಿತು. ನಾನು ಒಂದು ಮಂಡಿ ಊರಿದೆ. ನೋವಿಗೆ ನಿಂತಾಗ ಅವರೂ ನಿಂತು, ಹಗ್ಗವನ್ನು ಬಿಗಿಯಾಗಿ ಹಿಡಿದು ಕಾದರು. ಯಾರೊಬ್ಬರೂ ಕೈ ಸಡಿಲಿಸಲಿಲ್ಲ. ಮತ್ತೆ ಎಳೆದರು. ಅವರ ಹಣೆಯ ಮೇಲೆ ನಿಜವಾದ ಬೆವರಿತ್ತು, ಕೆನ್ನೆ ಕೆಂಪಾಗಿತ್ತು, ತೋಳು ನಡುಗುತ್ತಿತ್ತು. ಯಾವ ಹಗ್ಗವೂ ಇರಲಿಲ್ಲ ಎಂದು ನೀವು ಹೇಳುತ್ತೀರಿ. ಹಾಗಿದ್ದರೆ ನನ್ನನ್ನು ಎತ್ತಿದ್ದು ಏನು? ಮನೆಯಲ್ಲಿ ಕೆಳಗೆ ಕೂತರೆ ಇಬ್ಬರ ಕೈ ಹಿಡಿಯದೆ ಏಳಲಾಗದವಳು ನಾನು. ಅಂದು ಯಾರೂ ನನ್ನನ್ನು ಮುಟ್ಟಲಿಲ್ಲ, ನಾನು ಎದ್ದು ನಿಂತಿದ್ದೆ.

ಕಟ್ಟೆ ದಾಟಿ ಈಚೆಗೆ ಬಂದಾಗ ಎರಡು ಜಡೆಯವಳು ನನ್ನ ಸೆರಗಿನ ತುದಿ ಹಿಡಿದು, ಎರಡೂ ಕೈಯಲ್ಲಿ ತಿರುಚಿ, ನೀರು ಹಿಂಡಿದಳು. ಕೈ ಕೊಡವಿಕೊಂಡಳು. ನಾನು ನೆಲ ಒದ್ದೆಯಾಯಿತೇ ಎಂದು ನೋಡಿದೆ, ಸುಳ್ಳಲ್ಲ.

ಆಮೇಲೆ ಅವಳು ರಿಜಿಸ್ಟರ್ ಎತ್ತಿಕೊಂಡಳು. ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಗಾಳಿಗೆ ಹಿಡಿಯುವಾಗ ಮಡಿಸಿದ ಪತ್ರ ಕೆಳಗೆ ಬಿತ್ತು. ತಾಯಿಯ ಅಕ್ಷರ ಅವಳಿಗೆ ಗೊತ್ತಾಯಿತು. ಪತ್ರದ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು, ಸ್ವಲ್ಪ ಹೊತ್ತು ಹಾಗೇ ತೂಗಾಡಿಸಿ, ತೊಟ್ಟಿಕ್ಕುವುದು ನಿಲ್ಲಲಿ ಎಂಬಂತೆ ಕಾದಳು.

“ಪೂರ್ತಿ ನೆನೆದುಹೋಗಿದೆ ಮಿಸ್,” ಅಂದಳು. “ಏನೂ ಓದೋಕಾಗಲ್ಲ.”

ನಾನು ಅವಳ ಕೈಯಿಂದ ಪತ್ರ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ಹೌದು ಅಂದೆ. ಬಿಸಿಲು ಬೀಳುವ ಕಿಟಕಿಯ ಮೇಲೆ, ಕಾಗೆಗೂಡಿನ ಪಕ್ಕದಲ್ಲಿ, ಅವಳು ಅದನ್ನು ಮತ್ತೆ ನನ್ನಿಂದ ತೆಗೆದುಕೊಂಡು ಒಣಗಲು ಹಾಕಿದಳು.

ಸಂಜೆ ಅವಳ ತಾಯಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಮಗಳು ಮನೆಗೆ ಬಂದಾಗಿನಿಂದ ಬಟ್ಟೆ ಒಣಗಿಸುವ ಹಗ್ಗಕ್ಕೆ ಗಂಟು ಹಾಕಿ ಬಿಚ್ಚಿ ಮಾಡುತ್ತಿದ್ದಾಳೆ, ಊಟಕ್ಕೆ ಕರೆದರೂ ಬರುತ್ತಿಲ್ಲ ಅಂದರು. ಹೊಸ ಪತ್ರ ಬರೆದುಕೊಡುವ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಎರಡು ದಿನ ಅದನ್ನೇ ಯೋಚಿಸಿದ್ದಳೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

“ಮಿಸ್, ಬಾವಿ ತಳದಲ್ಲಿ ಏನಿತ್ತು?”

ನಾನು ಬಾಯಿ ತೆರೆದೆ. ಬಾವಿಯಲ್ಲಿ ನೀರು ಇತ್ತು, ನೀರು ತಣ್ಣಗಿತ್ತು, ನೀರಿನಲ್ಲಿ ಮೀನು ಇತ್ತು. ತಪ್ಪಿಲ್ಲದ ಮೂರು ವಾಕ್ಯಗಳು ನಾಲಿಗೆಯ ತುದಿಗೆ ಬಂದು ನಿಂತವು. ಅವು ಎಲ್ಲಿಂದ ಬಂದವೆಂದು ನನಗೆ ತಕ್ಷಣ ಗೊತ್ತಾಯಿತು. ಬಾಲ ಅಲ್ಲಾಡಿಸುವುದೊಂದು ಬಾಕಿ ಇತ್ತು, ಅಷ್ಟೇ. ನಿಜವಾದ ಬಾವಿಯ ನೀರು ಕುಡಿದು ಬೆಳೆದವಳು ನಾನು, ಮೊನ್ನೆ ಮಕ್ಕಳ ಬಾವಿಯ ತಳದಲ್ಲಿ ಅಷ್ಟು ಹೊತ್ತು ಕೂತಿದ್ದವಳು. ಸುತ್ತಮುತ್ತ ಕಣ್ಣಾಡಿಸಬೇಕೆಂದು ನನಗೆ ತೋಚಿರಲೇ ಇಲ್ಲ. ಈ ಮಗುವಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

“ಏನೂ ಕಾಣ್ಲಿಲ್ಲ ಪುಟ್ಟಾ,” ಅಂದೆ.

ಅವಳು ಒಳಗೆ ಬಂದು, ಮೇಜಿನ ಮೇಲಿದ್ದ ನನ್ನ ಕೈಯನ್ನು ಮೆಲ್ಲಗೆ ಎರಡು ಸಲ ತಟ್ಟಿದಳು.

“ಪರ್ವಾಗಿಲ್ಲ ಮಿಸ್. ನನಗೂ ಮೊದ್ಲು ಕಾಣ್ತಿರ್ಲಿಲ್ಲ.”

ಇಷ್ಟು ಹೇಳಿ ಪ್ರಾರ್ಥನೆಯ ಸಾಲಿಗೆ ಓಡಿದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ನಾನೊಬ್ಬಳೇ ಮಹಡಿ ಹತ್ತಿ ಹೋದೆ. ಹಾಲಿನಲ್ಲಿ ಯಾರೂ ಇರಲಿಲ್ಲ. ಬಾಗಿಲು ಮುಂದೆ ಮಾಡಿ, ಕಟ್ಟೆಗೆ ಕೈ ಊರಿ, ಕೆಳಗೆ ಬಗ್ಗಿ ನೋಡಿದೆ.